ಆರು ವಾರ ಬಿಟ್ಟು ಬನ್ನಿ

ಈ ಪ್ರಕರಣದ ಮೊದಲ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲು ನನ್ನ ಕೈಬರಹದ್ದು: ‘ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಆರು ವಾರ ಬಿಟ್ಟು ಬರುವುದು.’ ವರ್ಷಗಟ್ಟಲೆ ಬರೆದು ಕೈಗೆ ರೂಢಿಯಾದ ಸಾಲು ಅದು. ಆ ರೋಗಿ ಆರು ವಾರದವರೆಗೆ ಕಾಯುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ವಯಸ್ಸು, ಊರು, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ದಿನಗಳ ಎಣಿಕೆಯನ್ನು ಮಾತ್ರ ಬದಲಿಸಿಲ್ಲ. ಇಡೀ ಪ್ರಕರಣ ನಿಂತಿರುವುದೇ ಯಾವ ದಿನ ಏನು ಮಾಡಿದೆವು, ಯಾವ ದಿನ ಏನನ್ನು ಮಾಡದೆ ಬಿಟ್ಟೆವು ಎಂಬುದರ ಮೇಲೆ.

ಮೊದಲ ಸಲ

ಸುಮಾರು ನಲವತ್ತೆಂಟು ವರ್ಷದ ಗೃಹಿಣಿ. ಮಲೆನಾಡಿನ ಅಡಿಕೆ ತೋಟದ ಮನೆ. ನವೆಂಬರ್ ಕೊನೆಯ ಒಂದು ಸಂಜೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಗ ಎದೆಗುಳಿಯ ಕೆಳಗೆ ನೋವು ಎದ್ದು, ಅರ್ಧ ಗಂಟೆಯೊಳಗೆ ಬೆನ್ನಿಗೆ ಹೊಕ್ಕಿತ್ತು. ಮುಂದಕ್ಕೆ ಬಾಗಿ ಕುಳಿತರೆ ಮಾತ್ರ ಸ್ವಲ್ಪ ಹಾಯೆನಿಸುತ್ತಿತ್ತಂತೆ. ಎರಡು ವರ್ಷಗಳಿಂದಲೂ ಊಟವಾದ ಮೇಲೆ ಆಗಾಗ ಬಲ ಪಕ್ಕೆಯ ಅಡಿ ಹಿಡಿದುಕೊಳ್ಳುತ್ತಿತ್ತು. ಗಂಟಲಿನಿಂದ ಹೊಕ್ಕುಳದವರೆಗಿನ ಯಾವ ನೋವಿಗೂ ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿದೆ. ಇವರೂ ಅದಕ್ಕೆ ಮಾತ್ರೆ ನುಂಗಿಕೊಂಡೇ ಇದ್ದರು.

ರಕ್ತದಲ್ಲಿ ಲಿಪೇಸ್ ಎಂಬ ಜೀರ್ಣಕಿಣ್ವ 1,840. ಪ್ರಯೋಗಾಲಯದ ಮೇಲ್ಮಿತಿ 60. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬ ಸಾಸಿವೆಯಿಂದ ಹೆಸರುಕಾಳಿನ ಗಾತ್ರದವರೆಗಿನ ಕಲ್ಲುಗಳು. ದೊಡ್ಡ ಕಲ್ಲು ಎಂದರೆ ರೋಗಿಗಳಿಗೆ ಭಯ ಹೆಚ್ಚು. ನಮಗೆ ಭಯ ಇಂಥ ಸಣ್ಣವುಗಳದ್ದು. ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು ಪಿತ್ತಕೋಶದಲ್ಲೇ ಬಿದ್ದಿರುತ್ತದೆ, ಸಾಸಿವೆ ನುಸುಳಿ ಹೊರಡುತ್ತದೆ. ಪಿತ್ತನಾಳವೂ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ನಾಳವೂ ಸಣ್ಣ ಕರುಳನ್ನು ಸೇರುವುದು ಹೆಚ್ಚುಕಡಿಮೆ ಒಂದೇ ಬಾಗಿಲಿನಲ್ಲಿ. ನುಸುಳಿದ ಕಲ್ಲು ಆ ಹೊಸ್ತಿಲಲ್ಲಿ ಸಿಕ್ಕಿಕೊಂಡರೆ, ಆಹಾರವನ್ನು ಜೀರ್ಣಿಸಬೇಕಾದ ರಸ ತನ್ನ ಗ್ರಂಥಿಯನ್ನೇ ಜೀರ್ಣಿಸಲು ತೊಡಗುತ್ತದೆ. ಇದೇ ಪ್ಯಾಂಕ್ರಿಯಾಟೈಟಿಸ್.

ಅವರದ್ದು ಸೌಮ್ಯ ದಾಳಿ. ಎರಡು ದಿನಕ್ಕೆ ನೋವು ಇಳಿಯಿತು, ಪಿತ್ತನಾಳ ಕಟ್ಟಿದಾಗ ರಕ್ತದಲ್ಲಿ ಏರುವ ಬಿಲಿರುಬಿನ್ 1.9ರಿಂದ 0.9ಕ್ಕೆ ಬಂತು, ಮೂರನೆಯ ದಿನ ಗಂಜಿ ಕುಡಿದರು. ಐದನೆಯ ದಿನ ಮನೆಗೆ ಹೊರಟರು.

ಆ ಐದನೆಯ ದಿನದ ಬಗ್ಗೆ ಹೇಳಲೇಬೇಕು. ಸೌಮ್ಯ ಪ್ಯಾಂಕ್ರಿಯಾಟೈಟಿಸ್ ಕಲ್ಲಿನಿಂದಲೇ ಬಂದಿದ್ದರೆ ಅದೇ ದಾಖಲಾತಿಯಲ್ಲಿ, ಮನೆಗೆ ಕಳುಹಿಸುವ ಮೊದಲೇ, ಪಿತ್ತಕೋಶ ತೆಗೆಯಬೇಕು. ಇದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ನೆದರ್ಲೆಂಡ್ಸ್‌ನ ಪೋಂಚೊ ಅಧ್ಯಯನ 2015ರಲ್ಲೇ ಪ್ರಕಟವಾಗಿತ್ತು: 266 ರೋಗಿಗಳು. ಅದೇ ದಾಖಲಾತಿಯಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದ್ದು ಅಥವಾ ಸತ್ತದ್ದು ಶೇ. 5. ಮನೆಗೆ ಹೋಗಿ ಸುಮಾರು ನಾಲ್ಕು ವಾರ ಬಿಟ್ಟು ಬಂದವರಲ್ಲಿ ಶೇ. 17. ಇದನ್ನು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೆ.

ಹಾಗಿದ್ದೂ ಏಕೆ ಕಳುಹಿಸಿದೆ? ಆ ವಾರದ ಶಸ್ತ್ರಚಿಕಿತ್ಸೆಯ ಪಟ್ಟಿ ತುಂಬಿತ್ತು. ಎರಡು ಕ್ಯಾನ್ಸರ್ ಪ್ರಕರಣಗಳು ಆಗಲೇ ಮುಂದಕ್ಕೆ ಹೋಗಿದ್ದವು. ಅವರ ಮನೆಯಲ್ಲಿ ಕೊಯ್ಲು. ‘ಡಾಕ್ಟರೇ, ಕೊನೆಗೌಡ ಸಿಗುವುದೇ ಕಷ್ಟ, ಕೊನೆ ಇಳಿಸಿದ ಮೇಲೆ ಸುಲಿಯದೆ ಬಿಡುವಂತಿಲ್ಲ, ಈಗ ಬಿಟ್ಟುಬಿಡಿ, ಸಂಕ್ರಾಂತಿ ಕಳೆದು ಬರುತ್ತೇನೆ’ ಎಂದರು. ನನಗೂ ಅದೇ ಬೇಕಿತ್ತು. ಇಬ್ಬರಿಗೂ ಅನುಕೂಲವಾದ ತೀರ್ಮಾನವನ್ನು ಯಾರೂ ಎರಡನೆಯ ಸಲ ಪ್ರಶ್ನಿಸುವುದಿಲ್ಲ. ಮಧ್ಯೆ ಮತ್ತೊಂದು ದಾಳಿ ಬರಬಹುದು, ಅದು ಇದರಷ್ಟು ಸೌಮ್ಯವಾಗಿರಬೇಕೆಂದೇನಿಲ್ಲ ಎಂದು ಸ್ಪಷ್ಟ ಮಾತಿನಲ್ಲಿ ಹೇಳಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ನಾನು ಹೇಳಿದ್ದು ‘ಎಣ್ಣೆ ಪದಾರ್ಥ ಕಡಿಮೆ ಮಾಡಿ’ ಎಂದಷ್ಟೇ.

ಇಪ್ಪತ್ತಾರನೆಯ ದಿನ

ರಾತ್ರಿ ಊಟದ ಬಳಿಕ ನೋವು ಶುರುವಾಯಿತು. ಓಮದ ಕಷಾಯ, ಹಳೆಯ ಮಾತ್ರೆ, ಬಿಸಿನೀರಿನ ಚೀಲ. ಅವರು ನಮ್ಮ ತುರ್ತು ವಿಭಾಗಕ್ಕೆ ಬಂದದ್ದು ಇಪ್ಪತ್ತು ಗಂಟೆಗಳ ನಂತರ. ನಾಡಿ 128, ರಕ್ತದೊತ್ತಡ 90/60, ಬೆಳಗಿನಿಂದ ಮೂತ್ರವಾಗಿಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 2.1. ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಉಸಿರು ಮೇಲಿಂದ ಮೇಲೆ. ಇಲ್ಲಿಂದ ಮುಂದಿನ ದಿನಗಳನ್ನು ಈ ಎರಡನೆಯ ದಾಖಲಾತಿಯಿಂದ ಎಣಿಸುತ್ತೇನೆ.

ಮೊದಲ 48 ಗಂಟೆಗಳಲ್ಲಿ ಮೂರು ಆಮಿಷಗಳು ಎದುರಾದವು.

ಒಂದು, ಗ್ಲೂಕೋಸ್ ಬಾಟಲಿಗಳನ್ನು ಸುರಿಯುವುದು. ನಾವು ಕಲಿಯುವಾಗ ಪ್ಯಾಂಕ್ರಿಯಾಟೈಟಿಸ್ ಎಂದರೆ ‘ತೊಟ್ಟಿ ತುಂಬಿಸು’ ಎನ್ನುತ್ತಿದ್ದರು. ವಾಟರ್‌ಫಾಲ್ ಎಂಬ 2022ರ ಅಧ್ಯಯನ ಇದನ್ನು ತಿದ್ದಿತು. ಜೋರಾಗಿ ದ್ರವ ಕೊಟ್ಟವರಲ್ಲಿ ಶೇ. 20ರಷ್ಟು ಜನರಿಗೆ ದ್ರವದ ಹೊರೆಯಾಯಿತು, ಮಿತವಾಗಿ ಕೊಟ್ಟವರಲ್ಲಿ ಶೇ. 6ರಷ್ಟು ಜನರಿಗೆ ಮಾತ್ರ. ಲಾಭ ಏನೂ ಹೆಚ್ಚಲಿಲ್ಲ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣವನ್ನು ಮೂತ್ರದ ಪ್ರಮಾಣ ನೋಡಿಕೊಂಡು ಅಳೆದು ಕೊಟ್ಟೆವು. ಎರಡು, ಮುನ್ನೆಚ್ಚರಿಕೆಯೆಂದು ದುಬಾರಿ ಆ್ಯಂಟಿಬಯೋಟಿಕ್. ಸೋಂಕಿನ ಪುರಾವೆ ಇಲ್ಲದೆ ಕೊಟ್ಟರೆ ಮುಂದೆ ನಿಜವಾದ ಸೋಂಕು ಬಂದಾಗ ಕೈಯಲ್ಲಿ ಆಯುಧವಿರುವುದಿಲ್ಲ. ಕೊಡಲಿಲ್ಲ. ಮೂರು, ತಕ್ಷಣ ಇಆರ್‌ಸಿಪಿ ಮಾಡಿ, ಅಂದರೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಬಾಯಿಗೆ ತಲುಪಿ, ಕಲ್ಲು ಹುಡುಕುವುದು. ಪಿತ್ತನಾಳದಲ್ಲಿ ಸೋಂಕು ಇದ್ದರೆ ಅದು ಜೀವ ಉಳಿಸುತ್ತದೆ. ಇವರಿಗೆ ಆಗ ಜ್ವರವಿರಲಿಲ್ಲ, ಬಿಲಿರುಬಿನ್ ಎರಡನೆಯ ದಿನವೇ ಇಳಿಮುಖವಾಗಿತ್ತು. ಅದನ್ನೂ ಬಿಟ್ಟೆವು. ಮೂಗಿನಿಂದ ಕರುಳಿಗೆ ನಳಿಕೆ ಇಳಿಸಿ ಮೂರನೆಯ ದಿನದಿಂದಲೇ ಆಹಾರ ಕೊಡಲು ಶುರು ಮಾಡಿದೆವು.

ಮೂತ್ರಪಿಂಡ ಐದನೆಯ ದಿನಕ್ಕೆ ಚೇತರಿಸಿತು, ಡಯಾಲಿಸಿಸ್ ಬೇಕಾಗಲಿಲ್ಲ. ಆದರೆ ಅಂಗವೈಫಲ್ಯ 48 ಗಂಟೆ ಮೀರಿದ್ದರಿಂದ 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಇದು ತೀವ್ರ ಪ್ಯಾಂಕ್ರಿಯಾಟೈಟಿಸ್. ಆರನೆಯ ದಿನದ ಸಿಟಿ ಸ್ಕ್ಯಾನ್‌ನಲ್ಲಿ ಗ್ರಂಥಿಯ ನಡುಭಾಗ ಬಣ್ಣ ಹಿಡಿಯಲಿಲ್ಲ. ರಕ್ತ ಹರಿಯದೆ ಸತ್ತುಹೋಗಿತ್ತು.

ಕೀವು ಇದ್ದರೆ ತೆಗೆಯಿರಿ

ಹದಿನೇಳನೆಯ ದಿನ ಜ್ವರ ಬಂತು. ಮರುದಿನದ ಸಿಟಿಯಲ್ಲಿ ಸತ್ತ ಊತಕದ ನಡುವೆ ಗಾಳಿಯ ಗುಳ್ಳೆಗಳು ಕಂಡವು. ಸೋಂಕು ತಗುಲಿತು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೆರೊಪೆನೆಮ್ ಎಂಬ ಆ್ಯಂಟಿಬಯೋಟಿಕ್ ಶುರು ಮಾಡಿದೆವು.

ರೋಗಿಯ ಅಣ್ಣನ ಮಗ ಓದಿಕೊಂಡ ಹುಡುಗ, ದಿನಾ ಸಂಜೆ ಬಂದು ಕೇಳುತ್ತಿದ್ದ. ‘ಸರ್, ಒಳಗೆ ಕೀವಿದೆ ಎಂದು ನೀವೇ ಹೇಳುತ್ತೀರಿ. ಕುರು ಎದ್ದರೆ ಕೊಯ್ದು ತೆಗೆಯುವುದಿಲ್ಲವೇ? ಅತ್ತೆಯನ್ನು ಹೀಗೆ ಮಲಗಿಸಿಕೊಂಡು ಯಾವುದಕ್ಕೆ ಕಾಯುತ್ತಿದ್ದೀರಿ?’ ನ್ಯಾಯವಾದ ಪ್ರಶ್ನೆ. ಒಂದು ಕಾಲಕ್ಕೆ ಶಸ್ತ್ರವೈದ್ಯರೂ ಹಾಗೆಯೇ ಯೋಚಿಸುತ್ತಿದ್ದರು. ಹೊಟ್ಟೆ ತೆರೆದು ಕೈಯಿಂದ ಬಾಚಿ ತೆಗೆಯುತ್ತಿದ್ದರು. ಮೊದಲ ವಾರಗಳಲ್ಲಿ ಸತ್ತದ್ದಕ್ಕೂ ಬದುಕಿರುವುದಕ್ಕೂ ಗಡಿ ಇರುವುದಿಲ್ಲ. ಬಾಚಿದಲ್ಲೆಲ್ಲ ರಕ್ತ. ನಾನು ಕಲಿಕೆಯಲ್ಲಿದ್ದಾಗ ಅಂಥ ಶಸ್ತ್ರಚಿಕಿತ್ಸೆಗಳಲ್ಲಿ ಹಿಡಿಕೆ ಹಿಡಿದು ನಿಂತಿದ್ದೇನೆ. ಅವರಲ್ಲಿ ಹಲವರು ಮನೆಗೆ ಹೋಗಲಿಲ್ಲ.

ಹುಡುಗನಿಗೆ ನಾನು ಹಲಸಿನ ಉದಾಹರಣೆ ಕೊಟ್ಟೆ. ಎಳೆಯ ಹಲಸನ್ನು ಸೀಳಿದರೆ ಕೈಗೆಲ್ಲ ಮೇಣ, ತೊಳೆ ಬಿಡಿಸಲು ಬರುವುದಿಲ್ಲ. ಹಣ್ಣಾದ ಮೇಲೆ ತಾನಾಗಿ ಬಿಡುತ್ತದೆ. ಸತ್ತ ಭಾಗದ ಸುತ್ತ ದೇಹ ಗೋಡೆ ಕಟ್ಟಲು ಸುಮಾರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಔಷಧದ ಬಲದಲ್ಲಿ ತಳ್ಳಲು ಸಾಧ್ಯವಾದರೆ ತಳ್ಳಬೇಕು. ಅವನು ಒಪ್ಪಿದನೋ ಇಲ್ಲವೋ, ಅಂದಿನಿಂದ ‘ಇವತ್ತು ಎಷ್ಟು ಹಣ್ಣಾಯಿತು ಸರ್’ ಎಂದು ಕೇಳತೊಡಗಿದ.

ಹನ್ನೆರಡು ದಿನ ತಳ್ಳಿದೆವು. ಇಪ್ಪತ್ತೊಂಬತ್ತನೆಯ ದಿನ ಮತ್ತೆ ಜ್ವರ ಏರಿ ರಕ್ತದೊತ್ತಡ ಕುಸಿಯಿತು. ಅಷ್ಟರಲ್ಲಿ ಸಿಟಿಯಲ್ಲಿ ಗೋಡೆ ಮೂಡಿತ್ತು. ಮೂವತ್ತನೆಯ ದಿನ ರೇಡಿಯಾಲಜಿ ವಿಭಾಗದವರು ಎಡ ಪಕ್ಕೆಯ ಹಿಂಬದಿಯಿಂದ, ಕರುಳನ್ನು ಮುಟ್ಟದೆ, ಕೀವು ಹೊರಬರಲು ಒಂದು ನಳಿಕೆ, ಅಂದರೆ ಡ್ರೇನ್ ಹಾಕಿದರು. ಆ ದಾರಿಯ ಆಯ್ಕೆ ಮುಖ್ಯ. ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಅದೇ ದಾರಿಯಲ್ಲಿ ಒಳಹೋಗಬಹುದು. 2010ರಲ್ಲಿ ಪ್ರಕಟವಾದ ಪ್ಯಾಂಟರ್ ಅಧ್ಯಯನದಿಂದ ಬಂದ ಹಂತ ಹಂತದ ಕ್ರಮ ಇದು. ಆ ಅಧ್ಯಯನದಲ್ಲಿ ಹಂತ ಹಂತದ ಚಿಕಿತ್ಸೆ ಪಡೆದವರ ಪೈಕಿ ಶೇ. 35ರಷ್ಟು ಮಂದಿಗೆ ಡ್ರೇನ್ ಒಂದೇ ಸಾಕಾಗಿತ್ತು.

ನಮ್ಮ ರೋಗಿಗೆ ಸಾಕಾಗಲಿಲ್ಲ. ನಳಿಕೆ ಪದೇ ಪದೇ ಕಟ್ಟಿಕೊಂಡಿತು. ಮೂವತ್ತಾರನೆಯ ದಿನ ದಪ್ಪ ನಳಿಕೆ ಹಾಕಿದೆವು. ನಲವತ್ತನೆಯ ದಿನ ಪಕ್ಕೆಯಲ್ಲಿ ಐದು ಸೆಂಟಿಮೀಟರ್ ಕೊಯ್ದು, ಡ್ರೇನ್ ಜಾಡಿನಲ್ಲೇ ಕ್ಯಾಮೆರಾ ಇಳಿಸಿ, ಸಡಿಲವಾದ ತುಂಡುಗಳನ್ನು ಮಾತ್ರ ತೆಗೆದೆ. ಎಳೆದರೆ ಬರುವುದು ಬರಲಿ, ಬಾರದ್ದು ಅಲ್ಲೇ ಇರಲಿ. ಒದ್ದೆ ಹತ್ತಿಯ ಮುದ್ದೆಯಂಥ ಬೂದುಬಣ್ಣದ ಚೂರುಗಳು. ಒಟ್ಟು ನಲವತ್ತು ನಿಮಿಷದ ಕೆಲಸ. ಮರುದಿನ ಜ್ವರವಿರಲಿಲ್ಲ.

ಅರವತ್ತು ಮಿಲಿಲೀಟರ್

ನಲವತ್ತೈದನೆಯ ದಿನ ರಾತ್ರಿ ಹನ್ನೊಂದೂಮುಕ್ಕಾಲಿಗೆ ವಾರ್ಡಿನ ಶುಶ್ರೂಷಕಿ ಡ್ರೇನ್ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿಯವರೆಗೆ ಚಹಾದ ಗಷ್ಟಿನ ಬಣ್ಣವಿದ್ದ ದ್ರವದ ತಳದಲ್ಲಿ ಕೆಂಪು ಗೆರೆ. ಅವರು ಚೀಲ ಬದಲಿಸಿ, ಹೊಸ ಚೀಲಕ್ಕೆ ಬಂದುದನ್ನು ಅಳತೆಯ ಜಾಡಿಗೆ ಸುರಿದರು. 60 ಮಿಲಿಲೀಟರ್ ತಾಜಾ ರಕ್ತ. ಬಳಿಕ ನಿಂತೇ ಹೋಯಿತು. ನಾಡಿ 92, ರಕ್ತದೊತ್ತಡ ಸಹಜ, ರೋಗಿ ನಿದ್ದೆಯಲ್ಲಿ. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯ ನೋಡಿ, ‘ನಿಂತಿದೆ, ಬೆಳಿಗ್ಗೆ ಹಿಮೋಗ್ಲೋಬಿನ್ ಕಳುಹಿಸೋಣ’ ಎಂದು ಬರೆದ. ಹಗಲಿನಲ್ಲಿ, ಬೇರೆ ಶಸ್ತ್ರಚಿಕಿತ್ಸೆಯ ನಂತರವಾದರೆ, ಅದು ತಪ್ಪು ತೀರ್ಮಾನವೇನೂ ಆಗಿರುತ್ತಿರಲಿಲ್ಲ.

ಶುಶ್ರೂಷಕಿ ಅವನನ್ನು ದಾಟಿ ನನಗೆ ಫೋನ್ ಮಾಡಿದರು. ‘ಸರ್, ನೀವೇ ಹೇಳಿದ್ದಿರಿ, ಪ್ಯಾಂಕ್ರಿಯಾಸ್ ರೋಗಿಯ ಚೀಲ ಕೆಂಪಾದರೆ ಎಬ್ಬಿಸಿ ಎಂದು.’

ಹೌದು, ಹೇಳಿದ್ದೆ. ಸೋರುವ ಮೇದೋಜೀರಕ ರಸ ಪಕ್ಕದ ಅಪಧಮನಿಯ ಗೋಡೆಯನ್ನು ಕರಗಿಸುತ್ತ ಹೋದರೆ ಅಲ್ಲಿ ಗುಳ್ಳೆಯೊಂದು ಉಬ್ಬುತ್ತದೆ. ಅದು ಒಡೆಯುವ ಮೊದಲು ಎಷ್ಟೋ ಸಲ ಒಂದು ಸಣ್ಣ ಸೂಚನೆ ಕೊಡುತ್ತದೆ. ಸ್ವಲ್ಪ ರಕ್ತ, ಆಮೇಲೆ ಮೌನ. ಮುಂದಿನ ಸಲದ್ದು ಲೀಟರುಗಳ ಲೆಕ್ಕ. ಪ್ಯಾಂಕ್ರಿಯಾಸ್ ಕತ್ತರಿಸಿ ಜೋಡಿಸುವ ವಿಪಲ್ ಶಸ್ತ್ರಚಿಕಿತ್ಸೆಯ ಬಳಿಕವೂ ಇದೇ ಅಪಾಯ, ಇದೇ ಸೂಚನೆ. ತನ್ನಿಂದ ತಾನೇ ನಿಂತ ರಕ್ತಸ್ರಾವ ಇಲ್ಲಿ ಸಮಾಧಾನದ ಸುದ್ದಿಯಲ್ಲ.

ರಾತ್ರಿ ಎರಡು ಗಂಟೆಗೆ ಸಿಟಿ ಆಂಜಿಯೋಗ್ರಾಮ್ ಆಯಿತು. ಗುಲ್ಮದ ಅಪಧಮನಿಯ ಮೇಲೆ ಎಂಟು ಮಿಲಿಮೀಟರಿನ ಗುಳ್ಳೆ. ನಾಲ್ಕು ಗಂಟೆಗೆ ತೊಡೆಸಂದಿಯ ರಕ್ತನಾಳದಿಂದ ತಂತಿ ಏರಿಸಿ, ಗುಳ್ಳೆಯ ಆಚೆಗೂ ಈಚೆಗೂ ಸುರುಳಿಗಳನ್ನು ತುಂಬಿ ಮುಚ್ಚಿದರು. ಆಚೆ ಬದಿಯನ್ನೂ ಮುಚ್ಚದಿದ್ದರೆ ಹಿಂದಿನಿಂದ ರಕ್ತ ಬಂದು ಮತ್ತೆ ತುಂಬುತ್ತದೆ. ಗುಲ್ಮಕ್ಕೆ ಜಠರದ ಕಡೆಯಿಂದ ಸಣ್ಣ ನಾಳಗಳ ಪೂರೈಕೆ ಇರುವುದರಿಂದ ಅದು ಉಳಿಯಿತು.

ಕಿರಿಯ ವೈದ್ಯನ ಮೇಲೆ ಯಾರೂ ರೇಗಲಿಲ್ಲ. ಆ ಸೂಚನೆ ಶುಶ್ರೂಷಕಿಯರಿಗೆ ಬಾಯಿಮಾತಿನಲ್ಲಿ ತಲುಪಿತ್ತು. ಹದಿನೈದು ದಿನದ ಹಿಂದಷ್ಟೇ ಘಟಕಕ್ಕೆ ಬಂದ ಅವನಿಗೆ ತಲುಪಿರಲಿಲ್ಲ. ಆ ವಾರದಿಂದ ಅದನ್ನು ಚಾರ್ಟಿನ ಮೊದಲ ಪುಟಕ್ಕೆ ಅಂಟಿಸಲು ಶುರು ಮಾಡಿದೆವು.

ಅರವತ್ತೆಂಟನೆಯ ದಿನ ಅವರು ಡ್ರೇನ್ ಸಮೇತ ಮನೆಗೆ ಹೋದರು. ತೂಕ 64 ಕಿಲೋದಿಂದ 49ಕ್ಕೆ ಇಳಿದಿತ್ತು. ದಿನಕ್ಕೆ 80 ಮಿಲಿಲೀಟರಿನಷ್ಟು ತಿಳಿ ದ್ರವ, ಅದರ ತುಂಬ ಅಮೈಲೇಸ್ ಎಂಬ ಮೇದೋಜೀರಕ ಕಿಣ್ವ. ಅಂದರೆ ಗ್ರಂಥಿಯ ನಾಳ ಇನ್ನೂ ಸೋರುತ್ತಿತ್ತು. ವಾರಕ್ಕೆ ಎರಡು ಸೆಂಟಿಮೀಟರಿನಂತೆ ನಳಿಕೆ ಹೊರಗೆಳೆಯುತ್ತ ಬಂದೆವು. ಆರು ವಾರಕ್ಕೆ ಅದು ಒಣಗಿತು.

ಅಂಟಿಕೊಂಡ ಪಿತ್ತಕೋಶ

ಇಷ್ಟೆಲ್ಲದಕ್ಕೆ ಕಾರಣವಾದ ಕಲ್ಲುಗಳು ಇನ್ನೂ ಒಳಗೇ ಇದ್ದವು. ಈ ಸಲದ ಕಾಯುವಿಕೆಗೆ ಅರ್ಥವಿತ್ತು. ತೀವ್ರ ದಾಳಿಯ ನಂತರ ಒಳಗಿನ ದ್ರವ, ಊತ ಇಳಿಯುವ ಮೊದಲು ಪಿತ್ತಕೋಶಕ್ಕೆ ಕೈ ಹಾಕಿದರೆ ಸೋಂಕು ಹರಡುತ್ತದೆ. ಆರು ವಾರವೆಂಬ ಮಾತು ಹುಟ್ಟಿದ್ದೇ ಇಂಥ ರೋಗಿಗಳಿಗಾಗಿ. ಸೌಮ್ಯ ರೋಗಿಗಳಿಗೂ ಅದನ್ನೇ ಹಚ್ಚಿದ್ದು ನಮ್ಮ ಸೋಮಾರಿತನ. ಆದರೂ ಒಂದು ವಿಷಯದಲ್ಲಿ ನನ್ನನ್ನು ದೂರುವವರ ಪರ ನಾನೇ ಇದ್ದೇನೆ: ಹೀಗೆ ಅನಿವಾರ್ಯವಾಗಿ ಕಾಯುವವರಿಗೆ ಇಆರ್‌ಸಿಪಿಯಲ್ಲಿ ಪಿತ್ತನಾಳದ ಬಾಯಿಯನ್ನು ಸ್ವಲ್ಪ ಸೀಳಿ ಅಗಲ ಮಾಡಿಟ್ಟರೆ ಮತ್ತೊಂದು ಪ್ಯಾಂಕ್ರಿಯಾಟೈಟಿಸ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಮಾಡಿಸಲಿಲ್ಲ. ಬಚಾವಾದೆವು, ಅಷ್ಟೇ.

ಡ್ರೇನ್ ತೆಗೆದ ತಿಂಗಳ ಮೇಲೆ ಲ್ಯಾಪ್ರೋಸ್ಕೋಪಿ ಮಾಡಿದೆವು. ಮೊದಲ ಅರ್ಧ ಗಂಟೆ ಅಂಟುಗಳನ್ನು ಬಿಡಿಸುವುದರಲ್ಲೇ ಹೋಯಿತು. ಪಿತ್ತಕೋಶದ ಬುರುಡೆ ಕಂಡಿತು. ಕುತ್ತಿಗೆ ಕಾಣಲಿಲ್ಲ. ಅಲ್ಲಿ ಎಲ್ಲವೂ ಸಿಮೆಂಟಿನಂತೆ ಕೂಡಿಕೊಂಡಿತ್ತು.

ಪಿತ್ತಕೋಶ ತೆಗೆಯುವಾಗ ಯಾವುದನ್ನಾದರೂ ಕತ್ತರಿಸುವ ಮೊದಲು ಮೂರು ಸಂಗತಿ ಕಣ್ಣಿಗೆ ಕಾಣಬೇಕು. ಕುತ್ತಿಗೆಯ ತ್ರಿಕೋನದ ಕೊಬ್ಬು, ನಾರು ಪೂರ್ತಿ ತೆರವಾಗಿರಬೇಕು. ಪಿತ್ತಕೋಶದ ಕೆಳಗಿನ ಮೂರನೆಯ ಒಂದು ಭಾಗ ಯಕೃತ್ತಿನಿಂದ ಬಿಟ್ಟಿರಬೇಕು. ಪಿತ್ತಕೋಶದೊಳಕ್ಕೆ ಎರಡೇ ಎರಡು ನಾಳಗಳು ಹೋಗುತ್ತಿರಬೇಕು. ಅಮೆರಿಕದ ಶಸ್ತ್ರವೈದ್ಯ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ನಿಯಮವಿದು. ಪಿತ್ತಕೋಶದ ಸಣ್ಣ ನಾಳವೆಂದು ಭಾವಿಸಿ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿದರೆ ರೋಗಿಯ ಉಳಿದ ಆಯುಷ್ಯವೇ ಬದಲಾಗುತ್ತದೆ. ಕರುಳನ್ನು ಯಕೃತ್ತಿನ ನಾಳಕ್ಕೆ ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆ, ಆಮೇಲೆ ವರ್ಷಗಟ್ಟಲೆ ನಾಳ ಕಿರಿದಾಗುವ ಭಯ. ಆ ತಪ್ಪು ಮಾಡುವವರು ಹೆಚ್ಚಾಗಿ ಅಜ್ಞಾನದಿಂದ ಮಾಡುವುದಿಲ್ಲ. ಕಣ್ಣು ನೋಡಬೇಕೆಂದಿದ್ದನ್ನೇ ನೋಡುತ್ತದೆ.

ನನಗೆ ಮೂರರಲ್ಲಿ ಒಂದೂ ಸಿಗಲಿಲ್ಲ. ಸಹಾಯಕರು, ‘ಓಪನ್ ಮಾಡೋಣವೇ ಸರ್?’ ಎಂದರು. ಹೊಟ್ಟೆ ತೆರೆದರೆ ಕೈಗೆ ಸ್ಪರ್ಶ ಸಿಗುತ್ತದೆ, ಅಂಟು ಕಡಿಮೆಯಾಗುವುದಿಲ್ಲ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನನಗಿಂತ ನುರಿತವರಿದ್ದ ಕಾಲ ಮುಗಿಯುತ್ತ ಬಂದಿದೆ, ಹೊಸಬರಿಗಂತೂ ಅದು ಅಪರೂಪದ ಅನುಭವ. ಐದು ನಿಮಿಷ ಉಪಕರಣಗಳನ್ನು ಕೆಳಗಿಟ್ಟು, ಪಕ್ಕದ ಕೊಠಡಿಯ ಹಿರಿಯ ಸಹೋದ್ಯೋಗಿಯನ್ನು ಕರೆಸಿದೆ. ಅವರು ಪರದೆ ನೋಡಿ ಹೇಳಿದ್ದು ಒಂದೇ ಮಾತು: ‘ಕುತ್ತಿಗೆಗೆ ಹೋಗಬೇಡ.’

ಹೋಗಲಿಲ್ಲ. ಪಿತ್ತಕೋಶದ ಮುಂಭಾಗ ತೆರೆದು ಕಲ್ಲುಗಳನ್ನೆಲ್ಲ ಎಣಿಸದೆ ಚೀಲಕ್ಕೆ ತುಂಬಿ, ಎಟುಕುವಷ್ಟು ಗೋಡೆ ಕತ್ತರಿಸಿ ತೆಗೆದು, ಯಕೃತ್ತಿಗೆ ಅಂಟಿದ ಹಿಂಭಾಗವನ್ನೂ ಕುತ್ತಿಗೆಯ ಪಟ್ಟಿಯನ್ನೂ ಬಿಟ್ಟು, ಡ್ರೇನ್ ಇಟ್ಟು ಹೊರಬಂದೆ. ಭಾಗಶಃ ಪಿತ್ತಕೋಶ ಛೇದನ. ಇದರಲ್ಲಿ ಪಿತ್ತ ಸೋರುವ ಸಾಧ್ಯತೆ ಹೆಚ್ಚು ಎಂದು ಗೊತ್ತಿದ್ದೇ ಆರಿಸಿಕೊಂಡದ್ದು, ಮನೆಯವರಿಗೂ ಮೊದಲೇ ಹೇಳಿದ್ದು.

ಎರಡನೆಯ ದಿನ ಡ್ರೇನ್‌ನಲ್ಲಿ 250 ಮಿಲಿಲೀಟರ್ ಹಸಿರು ಪಿತ್ತ ಬಂತು. ನಾಲ್ಕನೆಯ ದಿನವೂ ಅಷ್ಟೇ ಇದ್ದುದರಿಂದ ಇಆರ್‌ಸಿಪಿ ಮಾಡಿಸಿ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ನಳಿಕೆ ಹಾಕಿಸಿದೆವು. ಕೆಳಗಿನ ಬಾಗಿಲು ತೆರೆದರೆ ಪಿತ್ತ ಮೇಲಿನ ತೂತು ಹುಡುಕುವುದಿಲ್ಲ. ಇಆರ್‌ಸಿಪಿಯೇ ಪ್ಯಾಂಕ್ರಿಯಾಟೈಟಿಸ್ ತರಬಲ್ಲದು. ಇವರಲ್ಲಿ ಆ ಮಾತನ್ನು ಉಚ್ಚರಿಸಲೂ ಹೆದರಿಕೆ. ಅದನ್ನು ತಡೆಯಲೆಂದು ಮೊದಲೇ ಗುದದ ಮೂಲಕ ಡೈಕ್ಲೋಫಿನ್ಯಾಕ್ 100 ಮಿಲಿಗ್ರಾಂ ಕೊಟ್ಟಿದ್ದೆವು. ಐದು ದಿನದಲ್ಲಿ ಸೋರಿಕೆ ನಿಂತಿತು. ಆರು ವಾರದ ಮೇಲೆ ಸ್ಟೆಂಟ್ ತೆಗೆದರು. ಹೌದು, ಮತ್ತೆ ಆರು ವಾರ. ಈ ಸಲ ತಾರೀಕು ಬರೆದು, ಫೋನ್ ನಂಬರು ಬರೆದುಕೊಂಡು ಕಳುಹಿಸಿದೆವು. ಮರೆತುಹೋದ ಸ್ಟೆಂಟ್ ಕಟ್ಟಿಕೊಂಡು ಜ್ವರದಿಂದ ಬರುವವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ

ಅವರು ಬದುಕಿದ್ದಾರೆ, ನಡೆಯುತ್ತಾರೆ, ತೂಕ 57. ಕಾಗದದ ಮೇಲೆ ಇದು ಯಶಸ್ಸು. ಅರ್ಧ ಗ್ರಂಥಿ ಹೋದುದರ ಲೆಕ್ಕ ಬೇರೆ ಇದೆ. ಸಕ್ಕರೆ ಕಾಯಿಲೆ ಬಂದಿದೆ, ಮೊದಲು ಇರಲಿಲ್ಲ. ಜಿಡ್ಡು ಜೀರ್ಣವಾಗದೆ ಮಲ ನೀರಿನಲ್ಲಿ ತೇಲುತ್ತಿತ್ತು. ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಬೇಕು. ಅದನ್ನು ಊಟದ ನಡುವೆ ನುಂಗಿ ಎಂದರೆ, ನಾಲ್ಕು ಜನರ ಪಂಕ್ತಿಯಲ್ಲಿ ಕುಳಿತು ಹೇಗೆ ಎಂದು ಸಂಕೋಚ. ಊಟವಾಗಿ ಕೈ ತೊಳೆದ ಮೇಲೆ ನುಂಗುತ್ತಿದ್ದರು. ಹಾಗೆ ನುಂಗಿದರೆ ಉಪಯೋಗ ಕಡಿಮೆ. ಎರಡು ತಿಂಗಳು ಔಷಧದ ಪ್ರಮಾಣ ಏರಿಸುತ್ತ ಹೋದೆವು. ಕಡೆಗೆ ಅವರ ಗಂಡನೇ ಕಾರಣ ಹೇಳಿದರು.

ನಮ್ಮ ಘಟಕದಲ್ಲಿ ಈಗ ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ ಬಂದ ಪ್ರತಿಯೊಬ್ಬರ ಚಾರ್ಟಿನಲ್ಲೂ ‘ಶಸ್ತ್ರಚಿಕಿತ್ಸೆ ಯಾವ ದಿನ?’ ಎಂಬ ಅಂಕಣವಿದೆ. ವಾರದ ಪಟ್ಟಿಯಲ್ಲಿ ಒಂದು ಜಾಗವನ್ನು ಇಂಥವರಿಗೆಂದು ಖಾಲಿ ಬಿಡುತ್ತೇವೆ. ಅದರ ಮೇಲೆ ಪ್ರತಿ ವಾರ ಜಗಳವಾಗುತ್ತದೆ, ಕೆಲವು ವಾರ ನಾನು ಸೋಲುತ್ತೇನೆ. ಸೋತಾಗ ರೋಗಿಯ ಮುಂದೆ ಕುಳಿತು, ಮನೆಗೆ ಹೋದರೆ ಏನಾಗಬಹುದು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಕೆಲವರು ಕೇಳಿದ ಮೇಲೆ ಹೋಗುವುದಿಲ್ಲ ಎನ್ನುತ್ತಾರೆ. ಆಗ ಜಗಳದಲ್ಲಿ ನನ್ನ ಬಲ ಹೆಚ್ಚುತ್ತದೆ.

ಕಳೆದ ಸಲ ಬಂದಾಗ ಅವರ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ, ಕನ್ನಡದಲ್ಲೇ ಬರೆದುಕೊಟ್ಟೆ: ‘ಪಿತ್ತಕೋಶ ಪೂರ್ತಿ ತೆಗೆದಿಲ್ಲ, ಕುತ್ತಿಗೆಯ ಭಾಗ ಉಳಿದಿದೆ. ಗುಲ್ಮದ ರಕ್ತನಾಳದಲ್ಲಿ ಸುರುಳಿಗಳಿವೆ.’ ಮುಂದೆ ಯಾವ ಊರಿನ ಯಾವ ವೈದ್ಯರು ಸ್ಕ್ಯಾನ್ ಮಾಡಿದರೂ ಗಲಿಬಿಲಿಯಾಗಬಾರದು. ಅವರು ಅದನ್ನು ಎರಡು ಸಲ ಓದಿ, ‘ಇದನ್ನು ನೀವು ಮೊದಲೇ ಕನ್ನಡದಲ್ಲಿ ಬರೆದುಕೊಡುತ್ತಿದ್ದಿರಾ, ಇಲ್ಲ ಈಗೀಗಲೋ?’ ಎಂದು ಕೇಳಿದರು. ಈಗೀಗ ಎಂದೆ. ಚೀಟಿಯನ್ನು ಮಡಚಿ ಪಡಿತರ ಚೀಟಿ ಇದ್ದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು, ಮುಂದಿನ ಸಕ್ಕರೆ ಪರೀಕ್ಷೆಯ ತಾರೀಕನ್ನು ಕೊಯ್ಲಿಗೆ ಅಡ್ಡಿಯಾಗದಂತೆ ಹಾಕಿಸಿಕೊಂಡು ಹೋದರು.